ಏಳು ಮಿಲಿಮೀಟರ್ ದಪ್ಪದ ಸೂಟು

ಬರ್ಗನ್, ನಾರ್ವೆ
೯ ಅಕ್ಟೋಬರ್ ೧೯೯೭

ತಮ್ಮ ತೆರ್ಯೊ,

ಮೊದಲು ಲೆಕ್ಕ, ಕ್ಷೇಮಸಮಾಚಾರ ಆಮೇಲೆ. ಒಂಬತ್ತು ಜನರ ವಿಮಾನಕ್ಕೆ ಎಪ್ಪತ್ತೈದು ಸಾವಿರದ ಆರುನೂರು ಕ್ರೋನ. ನಮ್ಮ ತಂಬುಯಾನ್ ದ್ವೀಪದಲ್ಲಿ ಹತ್ತು ದಿನ ಊಟ, ಕೋಣೆಗೆ ಹತ್ತು ಸಾವಿರದ ಎಂಟುನೂರು. ನಿನ್ನ ದೋಣಿ, ಗಾಳಿ ಸಿಲಿಂಡರುಗಳು, ಅವರನ್ನು ಆಳಕ್ಕೆ ಇಳಿಸಿ ಸುರಕ್ಷಿತವಾಗಿ ಮೇಲೆ ತರುವ ನಿನ್ನ ಕೂಲಿ ಎಲ್ಲ ಸೇರಿ ಇಪ್ಪತ್ತಮೂರು ಸಾವಿರದ ನಾನೂರು. ಮುಳುಗುವಾಗ ತೊಡಲು ನಾನು ಹೊಲಿಯುವ ಒಂಬತ್ತು ರಬ್ಬರಿನ ವೆಟ್‌ಸೂಟಿಗೆ ಒಂಬತ್ತು ಸಾವಿರದ ಒಂಬೈನೂರು. ಒಟ್ಟು ಒಂದು ಲಕ್ಷ ಹತ್ತೊಂಬತ್ತು ಸಾವಿರದ ಏಳುನೂರು. ಇಷ್ಟೆಲ್ಲ ಯಾತಕ್ಕೆ ಗೊತ್ತೇ? ಬೆಳಗಿನ ಹೊತ್ತು ಶಾರ್ಕ್ ಮೀನು ಬಾಲ ಅಲ್ಲಾಡಿಸುವುದನ್ನು ನೋಡುವುದಕ್ಕೆ. ಅದೇ ಮೀನನ್ನು ನಮ್ಮಪ್ಪ ಉಪ್ಪು ಸವರಿ ಒಣಗಿಸಿ ಮೂರು ಕಾಸಿಗೆ ಮಾರುತ್ತಿದ್ದ.

ಬರುವವರು ಇಲ್ಲಿನ ಡೈವಿಂಗ್ ಕ್ಲಬ್ಬಿನವರು. ಮುಖಂಡನ ಹೆಸರು ಟೋರ್ಗೈರ್. ಬಂದರಿನ ನನ್ನ ಅಂಗಡಿಗೆ ಸೂಟು ರಿಪೇರಿಗೆ ಬರುತ್ತಾನೆ. ಇವರು ನಾಲ್ಕು ಡಿಗ್ರಿ ನೀರಿನಲ್ಲಿ, ಒಂದು ಹನಿ ಒಳಗೆ ಬಿಡದ ಡಬ್ಬದಂಥ ಉಡುಪು ತೊಟ್ಟು ಮುಳುಗುವ ಜನ. ಮೂರು ಮಿಲಿಮೀಟರ್ ರಬ್ಬರಿನ ತುಂಡನ್ನು ಕೈಗೆ ಕೊಟ್ಟಾಗ ಅವನು ಹೌಹಾರಿದ.

"ಇದು ಸೂಟಾ ಕ್ರಿಸಾಂತ, ಕಾಲುಚೀಲಾನಾ?"

"ಇದರೊಳಗೆ ನೀರು ಬರುತ್ತೆ. ಬಂದ ನೀರನ್ನ ನಿನ್ನ ಮೈಯೇ ಬಿಸಿ ಮಾಡ್ಕೊಳುತ್ತೆ. ನಮ್ಮ ಸಮುದ್ರ ನಿಮ್ಮನೆ ಬಚ್ಚಲಿಗಿಂತ ಬೆಚ್ಚಗಿದೆ, ಸುಮ್ನೆ ಅಳತೆ ಕೊಡು."

ಒಂಬತ್ತು ಜನರ ಅಳತೆಯೂ ಬಂತು. ಫೆಬ್ರವರಿ ಹನ್ನೆರಡಕ್ಕೆ ಅಲ್ಲಿರುತ್ತಾರೆ. ಚೆನ್ನಾಗಿ ನಡೆದರೆ ವರ್ಷವರ್ಷವೂ ಬರುತ್ತೇವೆ ಎಂದಿದ್ದಾರೆ. ಬಂದರೆ ನೀನು ಮತ್ತೆಂದೂ ಆ ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಕೊಳವೆ ಹಲ್ಲಲ್ಲಿ ಕಚ್ಚಿಕೊಂಡು ಮೀನಿಗೆ ಇಳಿಯಬೇಕಾಗಿಲ್ಲ. ನಿನಗೆ ಮೂವತ್ತನಾಲ್ಕು. ಹತ್ತು ವರ್ಷ ಆ ಕೊಳವೆಯಲ್ಲಿ ಉಸಿರಾಡಿದ್ದು ಸಾಕು. ದೋಣಿಗೆ ಬಣ್ಣ ಬಳಿಸು. ನಿನ್ನ ಹೆಂಡತಿ ಬಾಸಿಂಗ್‌ಗೆ ಹೇಳು, ಇವರು ಒಣಮೀನು ತಿನ್ನುತ್ತಾರೆ, ಆದರೆ ತಲೆ ಕಂಡರೆ ಹೆದರುತ್ತಾರೆ.

ಅಕ್ಕ
ಸಾಂತ


ತಂಬುಯಾನ್
೩೦ ಅಕ್ಟೋಬರ್ ೧೯೯೭

ಅಕ್ಕಾ,

ನಿನ್ನ ಪತ್ರವನ್ನು ಬಾಸಿಂಗ್ ಮೂರು ಸಲ ಓದಿಸಿದಳು. ಮೂರನೆಯ ಸಲ ಬರೀ ಮೊತ್ತ ಮಾತ್ರ. "ನಿಮ್ಮಕ್ಕ ಪತ್ರ ಬರೀತಾಳೋ ರಶೀದಿ ಹರೀತಾಳೋ?" ಎಂದು ಕೇಳಿದಳು. ಬಾಯಲ್ಲಿ ಗೇಲಿ. ಕೈ ಮಾತ್ರ ಆಗಲೇ ಕೋಣೆಗಳಿಗೆ ಸುಣ್ಣ ಕಲಸುತ್ತಿತ್ತು.

ದೋಣಿ ಸಿದ್ಧವಾಗುತ್ತದೆ. ಶಾರ್ಕುಗಳಿಗೂ ಹೇಳಿಟ್ಟಿದ್ದೇನೆ. ಒಂದೇ ಒಂದು ಬೇಡಿಕೆ. ನಾನು ಹಾಕಿಕೊಳ್ಳುವ ಸೂಟು ನಿನಗೆ ಗೊತ್ತಲ್ಲ, ಯಾವನೋ ಜರ್ಮನಿಯವನು ಹೋಗುವಾಗ ಬಿಟ್ಟುಹೋದದ್ದು. ಅವನ ಹೊಟ್ಟೆಯಿದ್ದ ಜಾಗದಲ್ಲಿ ಈಗ ಒಂದು ಬಕೆಟ್ ನೀರು ನಿಲ್ಲುತ್ತದೆ. ಮೊಣಕಾಲಲ್ಲಿ ತೂತು, ಸೊಂಟದಲ್ಲಿ ತೂತು. ಒಂಬತ್ತು ಜನಕ್ಕೆ ಹೊಲಿಯುವವಳು ಹತ್ತನೆಯದನ್ನು ನನಗೆ ಹೊಲಿ. ಮೂರು ಮಿಲಿಮೀಟರ್ ಬೇಡ. ಏಳು ಇರಲಿ. ಟೊಪ್ಪಿಗೆಯೂ ಇರಲಿ.

ತಮ್ಮ
ತೆರ್ಯೊ


ಬರ್ಗನ್
೧೮ ನವೆಂಬರ್ ೧೯೯೭

ತೆರ್ಯೊ,

ಏಳು ಮಿಲಿಮೀಟರ್! ಲೋ, ನಿನಗೆ ತಲೆಗಿಲೆ ಕೆಟ್ಟಿದೆಯೇ? ಅದು ಇಲ್ಲಿ ಸೀಲ್‌ಗಳ ಜೊತೆ ಸಂಸಾರ ಮಾಡುವವರು ತೊಡುವುದು. ಆ ಸಮುದ್ರದಲ್ಲಿ ಹುಟ್ಟಿ, ಬರೀ ಚಡ್ಡಿಯಲ್ಲಿ ಬೆಳೆದವನಿಗೆ ಈಗ ಚಳಿ! ಅದನ್ನು ತೊಟ್ಟು ದೋಣಿಯಲ್ಲಿ ಅರ್ಧ ಗಂಟೆ ಕೂತರೆ ಸಿಪ್ಪೆಸಮೇತ ಬೆಂದ ಸಿಗಡಿಯಾಗುತ್ತೀಯ. ದಪ್ಪ ರಬ್ಬರು ತೇಲುತ್ತದೆ. ಮುಳುಗಬೇಕಾದರೆ ಸೊಂಟಕ್ಕೆ ಇನ್ನೂ ಐದಾರು ಕಿಲೋ ಸೀಸ ಕಟ್ಟಿಕೊಳ್ಳಬೇಕು.

ನನಗೆ ಅರ್ಥವಾಗುವುದು ಇಷ್ಟೇ. ಪಕ್ಕದ ರೆಸಾರ್ಟಿನ ಗೈಡುಗಳು ಹೊಸ ಸೂಟಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡುತ್ತಾರೆ, ನಿನಗೂ ಆಸೆ. ಆಸೆ ತಪ್ಪಲ್ಲ. ಆದರೆ ಏಳರ ಹಾಳೆ ಮೂರರ ಹಾಳೆಯ ಎರಡರಷ್ಟು ಬೆಲೆ. ನಿನ್ನ ತೂತುಗಳಿಗೆ ಅಂಟು, ತೇಪೆ ಕಳಿಸಿದ್ದೇನೆ. ಹಚ್ಚಿ ಎರಡು ದಿನ ಒಣಗಲು ಬಿಡು. ನಾನು ಈ ದೇಶಕ್ಕೆ ಬಂದ ಮೊದಲ ಮೂರು ವರ್ಷ ಮೀನಿನ ಕಾರ್ಖಾನೆಯಲ್ಲಿ ತೇಪೆಯ ಕೋಟಿನಲ್ಲೇ ಕಳೆದೆ. ಯಾರೂ ಸತ್ತಿಲ್ಲ.

ಸಾಂತ


ತಂಬುಯಾನ್
೮ ಡಿಸೆಂಬರ್ ೧೯೯೭

ಅಕ್ಕಾ,

ತೇಪೆ ತಲುಪಿತು. ಚೆನ್ನಾಗಿ ಅಂಟಿದೆ.

ಸೂಟು ಕೇಳಿದ್ದು ಎದೆಯುಬ್ಬಿಸುವುದಕ್ಕಲ್ಲ. ಹೇಳಬಾರದು ಅಂದುಕೊಂಡಿದ್ದೆ, ಬಾಸಿಂಗ್ ಬರೆಯದಿದ್ದರೆ ಊಟ ಹಾಕುವುದಿಲ್ಲ ಎನ್ನುತ್ತಿದ್ದಾಳೆ. ಆಗಸ್ಟಿನಿಂದ ಎಡಗಾಲು ಜೋಮು ಹಿಡಿಯುತ್ತದೆ. ಮೊದಲು ಬೆರಳು, ಈಗ ಮೊಣಕಾಲಿನವರೆಗೆ. ಕಳೆದ ವಾರ ದೋಣಿಯಿಂದ ಹಲಗೆಯ ಮೇಲೆ ಇಳಿಯುವಾಗ ಕಾಲು ಎಲ್ಲಿಟ್ಟೆ ಎಂದೇ ತಿಳಿಯದೆ ನೀರಿಗೆ ಬಿದ್ದೆ. ಎಲ್ಲರೂ ನಕ್ಕರು. ಕುಡಿದಿದ್ದೇನೆ ಅಂದುಕೊಂಡರು. ನಾನೂ ಹಾಗೇ ನಟಿಸಿದೆ.

ಹೆದರಬೇಡ, ನಮ್ಮ ಹಳೇ ಪಾಸ್ಮೊ ಅಷ್ಟೆ. ನರ ತಿಕ್ಕುವ ಮುದುಕಿ ನೋಡಿ ಹೇಳಿದಳು: "ದಣಿದು ಕಾದ ಮೈ ಹೊತ್ಕೊಂಡು ತಣ್ಣೀರಿಗೆ ಇಳಿದಿದೀಯ ಮಗಾ, ಚಳಿ ನರದೊಳಗೆ ಕೂತಿದೆ." ದಿನವೂ ಎಣ್ಣೆ, ಶುಂಠಿ. ಕಂಪ್ರೆಸರಿನ ಕೆಲಸ ಮಾಡಿದ ನಮ್ಮಲ್ಲಿ ಯಾರಿಗಿಲ್ಲ ಇದು? ಮುದುಕ ಈಮೊ ಹನ್ನೆರಡು ವರ್ಷದಿಂದ ಕೋಲು ಹಿಡಿದೇ ಓಡಾಡುತ್ತಿದ್ದಾನೆ.

ಒಂದು ವಿಚಿತ್ರ ಕೇಳು. ನೀರೊಳಗೆ ಇಪ್ಪತ್ತು ಮೀಟರ್ ಇಳಿದರೆ ನೋವು, ಜೋಮು ಎಲ್ಲ ಮಾಯ. ಕಾಲು ಮತ್ತೆ ನನ್ನದಾಗುತ್ತದೆ. ಮೇಲೆ ಬಂದು ಗಾಳಿಗೆ ಮೈಯೊಡ್ಡಿದರೆ ಮತ್ತೆ ಶುರು. ಹಾಗಾದರೆ ತಪ್ಪು ಸಮುದ್ರದ್ದಲ್ಲ, ಚಳಿಯದು. ಚಳಿಯನ್ನು ತಡೆದರೆ ಮುಗಿಯಿತು. ಅದಕ್ಕೇ ಏಳು ಕೇಳಿದ್ದು.

ನಿನ್ನ ನಾರ್ವೆಯವರಿಗೆ ಹೇಳಬೇಡ. ಕುಂಟು ಗೈಡಿನ ಹಿಂದೆ ಯಾರು ಇಳಿಯುತ್ತಾರೆ?

ತೆರ್ಯೊ


ಬರ್ಗನ್
೪ ಜನವರಿ ೧೯೯೮

ನನ್ನ ತೆರ್ಯೊ,

ನಿನ್ನ ಪತ್ರ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಬಂತು. ನಿನ್ನನ್ನು ಸಿಗಡಿ ಎಂದು ಆಡಿಕೊಂಡ ಕೈಯಿಂದಲೇ ಏಳು ಮಿಲಿಮೀಟರಿನ ಹಾಳೆ ಕತ್ತರಿಸಿದೆ. ಇರುವುದರಲ್ಲೇ ಒಳ್ಳೆಯದು. ಐದು ದಿನ ಅಂಗಡಿಯ ಬಾಗಿಲು ಹಾಕಿ ಹೊಲಿದೆ. ಸೊಂಟಕ್ಕೆ, ಬೆನ್ನುಹುರಿಯ ಉದ್ದಕ್ಕೆ ಇನ್ನೊಂದು ಪದರ ಸೇರಿಸಿದ್ದೇನೆ. ಎಡಗಾಲಿಗೆ ಒಳಗಡೆ ಉಣ್ಣೆಯಂಥ ಅಸ್ತರಿ. ಟೊಪ್ಪಿಗೆ ಕತ್ತಿನವರೆಗೆ ಬರುತ್ತದೆ. ನಮ್ಮೂರಿನ ನರ್ಸ್ ಒಬ್ಬಳು ನಾಳೆ ವಿಮಾನ ಹತ್ತುತ್ತಾಳೆ, ಅವಳ ಪೆಟ್ಟಿಗೆಯ ಅರ್ಧ ಜಾಗ ನಿನ್ನ ಸೂಟಿಗೇ ಹೋಯಿತು.

ಪಾಸ್ಮೊ ಎಂದರೆ ಆಟವಲ್ಲ. ಇಸ್ತ್ರಿ ಮಾಡಿದ ಕೈಯನ್ನು ನೀರಿಗೆ ಹಾಕಿದರೆ ಅಮ್ಮ ಸೌಟಿನಿಂದ ಹೊಡೆಯುತ್ತಿದ್ದದ್ದು ನೆನಪಿದೆಯೇ? ಹದಿನಾಲ್ಕು ವರ್ಷವಾಯಿತು ಈ ದೇಶಕ್ಕೆ ಬಂದು, ಇವತ್ತಿಗೂ ಇಸ್ತ್ರಿಯಾದ ಮೇಲೆ ಕೈ ತೊಳೆಯುವುದಿಲ್ಲ. ಗಿರಾಕಿಗಳು ನಗುತ್ತಾರೆ, ನಗಲಿ. ನೀನು ಮೈ ಕಾಯುವ ಮೊದಲೇ ಸೂಟು ತೊಡು. ಮೇಲೆ ಬಂದ ತಕ್ಷಣ ಬಿಚ್ಚಬೇಡ. ಇದು ಮೈಮೇಲಿದ್ದರೆ ಚಳಿ ನಿನ್ನ ಹತ್ತಿರ ಸುಳಿಯುವುದಿಲ್ಲ, ನಾನು ಮಾತು ಕೊಡುತ್ತೇನೆ.

ಇದರ ಬೆಲೆ ಕೇಳಬೇಡ.

ಅಕ್ಕ


ತಂಬುಯಾನ್
೨೦ ಜನವರಿ ೧೯೯೮

ಅಕ್ಕಾ, ರಾಣೀ,

ಸೂಟು ಬಂದು ಹತ್ತು ದಿನವಾಯಿತು. ಊರೆಲ್ಲ ಮುಟ್ಟಿ ನೋಡಿತು. ಈಮೊ ಕೆನ್ನೆಗೆ ಒತ್ತಿಕೊಂಡು, "ಇದು ನನಗೆ ಹನ್ನೆರಡು ವರ್ಷದ ಹಿಂದೆ ಸಿಕ್ಕಿದ್ರೆ ಈ ಕೋಲನ್ನ ಒಲೆಗೆ ಹಾಕ್ತಿದ್ದೆ ಕಣೋ" ಎಂದ.

ಮೊದಲೆಲ್ಲ ಎರಡನೆಯ ಸಲ ಇಳಿದರೆ ಹಲ್ಲು ಕಟಕಟ ಅನ್ನುತ್ತಿತ್ತು, ಬೇಗ ಮೇಲೆ ಬರುತ್ತಿದ್ದೆ. ಈಗ ದಿನಕ್ಕೆ ನಾಲ್ಕು ಸಲ ಇಳಿಯುತ್ತೇನೆ. ಅತಿಥಿಗಳು ಬರುವ ಮೊದಲು ಶಾರ್ಕುಗಳು ಎಲ್ಲಿ ತಿರುಗುತ್ತವೆ ಎಂದು ತಿಳಿದಿರಬೇಕಲ್ಲ. ಮೂವತ್ತು ಮೀಟರಿನಲ್ಲಿ ಎಷ್ಟು ಹೊತ್ತಾದರೂ ಕೂರಬಹುದು, ಅಮ್ಮನ ಮಡಿಲಿನಲ್ಲಿ ಕೂತ ಹಾಗೆ. ಕಾಲು ಕೆಳಗೆ ಪೂರ್ತಿ ಸರಿ. ಮೇಲೆ ಇನ್ನೂ ಸ್ವಲ್ಪ ಎಳೆಯುತ್ತದೆ, ಹಳೆಯ ಚಳಿ ಹೊರಬರಲು ಸಮಯ ಬೇಕು ಎನ್ನುತ್ತಾಳೆ ಮುದುಕಿ. ಉಚ್ಚೆ ಹೊಯ್ಯುವುದಕ್ಕೆ ಮಾತ್ರ ಗೋಡೆಗೆ ಒರಗಿ ತುಂಬಾ ಹೊತ್ತು ನಿಲ್ಲಬೇಕು. ವಯಸ್ಸಾಯಿತು ಅಂತ ಬಾಸಿಂಗ್ ಆಡಿಕೊಳ್ಳುತ್ತಾಳೆ.

ದೋಣಿಗೆ ಹಳದಿ ಬಣ್ಣ. ಬರಲಿ ನಿನ್ನ ಒಂಬತ್ತು ಜನ.

ತೆರ್ಯೊ


ಬರ್ಗನ್
೪ ಫೆಬ್ರವರಿ ೧೯೯೮

ತೆರ್ಯೊ, ನೀರಿಗೆ ಇಳಿಯಬೇಡ. ಉಳಿದದ್ದನ್ನು ಆಮೇಲೆ ಓದು. ಸೂಟು ಬಿಚ್ಚಿಡು. ಇಳಿಯಬೇಡ.

ಇವತ್ತು ಕ್ಲಬ್ಬಿನಲ್ಲಿ ಪ್ರಯಾಣದ ಕೊನೆಯ ಸಭೆ. ಒಂಬತ್ತು ಸೂಟು ಹಂಚಿದೆ. ನಗಿಸೋಣವೆಂದು ನಿನ್ನ ಕಥೆ ಹೇಳಿದೆ, ನಮ್ಮ ಗೈಡಿಗೆ ಮಾತ್ರ ಏಳು ಮಿಲಿಮೀಟರ್, ಅವನಿಗೆ ಪಾಸ್ಮೊ, ಕೆಳಗೆ ಹೋದರೆ ಕಾಲು ಕುಣಿಯುತ್ತದೆ ಎಂದು. ಎಲ್ಲರೂ ನಕ್ಕರು. ಸೋಲ್ವೇಗ್ ಎಂಬುವಳು ನಗಲಿಲ್ಲ. ಅವಳು ಡಾಕ್ಟರು, ಎಣ್ಣೆಬಾವಿಗಳ ಮುಳುಗುಗಾರರನ್ನು ನೋಡುವವಳು. ತಿನ್ನುತ್ತಿದ್ದ ಕೇಕನ್ನು ತಟ್ಟೆಯಲ್ಲಿಟ್ಟು ನನ್ನನ್ನು ಹೊರಗೆ ಕರೆದಳು.

"ಕೆಳಗೆ ಹೋದ್ರೆ ನೋವು ಹೋಗುತ್ತಾ? ಸರಿಯಾಗಿ ಹೇಳು."

"ಹೂಂ, ಕೆಳಗೆ ಬೆಚ್ಚಗಿರುತ್ತಂತೆ."

"ಕೆಳಗೆ ಬೆಚ್ಚಗಿರಲ್ಲ ಕ್ರಿಸಾಂತ. ಉಚ್ಚೆ ಸರಿಯಾಗಿ ಹೋಗುತ್ತಾ?"

ನೀನು ಬರೆದದ್ದನ್ನು ಹೇಳಿದೆ. ಇನ್ನು ಅವನು ನೀರಿಗೆ ಇಳಿಯಲೇಕೂಡದು ಎಂದಳು.

ಇದು ಚಳಿಯಲ್ಲ ತೆರ್ಯೊ. ಪಾಸ್ಮೊ ಅಲ್ಲ. ಆಳದಲ್ಲಿ ಎಳೆದುಕೊಂಡ ಗಾಳಿ ರಕ್ತದಲ್ಲಿ ಕರಗಿ ಕೂರುತ್ತದಂತೆ. ಬೇಗ ಮೇಲೆ ಬಂದರೆ, ಮತ್ತೆ ಮತ್ತೆ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಆ ಗಾಳಿ ಗುಳ್ಳೆಯೇಳುತ್ತದೆ. ಗುಳ್ಳೆಗಳು ನಿನ್ನ ಬೆನ್ನುಹುರಿಯಲ್ಲಿವೆ. ಕೆಳಗೆ ಹೋದಾಗ ನೀರಿನ ಒತ್ತಡಕ್ಕೆ ಕುಗ್ಗುತ್ತವೆ, ನಿನಗೆ ವಾಸಿಯಾದಂತೆ ಕಾಣುತ್ತದೆ. ಮೇಲೆ ಬಂದಾಗ ಮತ್ತೆ ಉಬ್ಬುತ್ತವೆ. ಪ್ರತಿ ಸಲವೂ ಇನ್ನಷ್ಟು ಸೇರುತ್ತವೆ.

"ಅವನಿಗೆ ಚಳಿ ಆಗ್ತಿತ್ತಲ್ಲ," ಎಂದಳು, "ಆ ಚಳಿನೇ ಅವನನ್ನ ಬೇಗ ಮೇಲಕ್ಕೆ ಕಳಿಸ್ತಿತ್ತು. ಜಾಸ್ತಿ ಹೊತ್ತು ಇರೋಕೆ ಬಿಡ್ತಿರಲಿಲ್ಲ. ನೀನು ಅದನ್ನೂ ತೆಗೆದುಬಿಟ್ಟೆ."

ನಾನು ತೆಗೆದುಬಿಟ್ಟೆ. ಐದು ದಿನ ಕೂತು, ಹೊಲಿಗೆಯ ಮೇಲೆ ಹೊಲಿಗೆ ಹಾಕಿ ತೆಗೆದುಬಿಟ್ಟೆ.

ತಂತಿ ಕಳಿಸಿದ್ದೇನೆ. ಈ ಪತ್ರದ ಒಂದು ಪ್ರತಿ ಅಂಚೆಗೆ, ಇನ್ನೊಂದು ಸೋಲ್ವೇಗಳ ಜೇಬಿಗೆ. ಸೆಬು ನಗರದಲ್ಲಿ ಇದಕ್ಕೆಂದೇ ಒತ್ತಡದ ಕೋಣೆಯಿರುವ ಆಸ್ಪತ್ರೆ ಇದೆಯಂತೆ. ಈಗಲೇ ಹೊರಡು. ಅತಿಥಿಗಳು ಹಾಳಾಗಿ ಹೋಗಲಿ.

ಸಾಂತ


ಬರ್ಗನ್
೭ ಫೆಬ್ರವರಿ ೧೯೯೮

ತೆರ್ಯೊ,

ಆಚೆ ದಡದ ಊರಿನ ಬೇಕರಿಗೆ ಮೂರು ದಿನದಿಂದ ಫೋನು ಮಾಡುತ್ತಿದ್ದೇನೆ. ಇವತ್ತು ದ್ವೀಪದ ಟಪಾಲು ಇಟ್ಟುಕೊಳ್ಳುವ ಬೇಕರಿಯ ಪುರಿಂಗ್ ಸಿಕ್ಕಳು.

"ದೋಣಿ ಬಿಟ್ಟಿಲ್ಲ ಅಕ್ಕಾ, ಈಶಾನ್ಯ ಗಾಳಿ ಬಡೀತಿದೆ. ನಿಮ್ಮ ತಂತಿ ನನ್ನ ಗಲ್ಲಾದಲ್ಲೇ ಇದೆ."

"ಯಾರನ್ನಾದ್ರೂ ಕಳಿಸೇ, ದುಡ್ಡು ಎಷ್ಟಾದ್ರೂ ಕೊಡ್ತೀನಿ!"

"ಈ ಅಲೆಗೆ ಯಾವನು ಹೋಗ್ತಾನೆ? ಗಾಳಿ ಇಳೀಲಿ."

ಗಾಳಿ ಇಷ್ಟಿದ್ದರೆ ನೀನೂ ಇಳಿಯಲಾರೆ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಆಮೇಲೆ ನೆನಪಾಯಿತು, ದ್ವೀಪದ ತೆಂಕಣ ಮಗ್ಗುಲಿಗೆ ಆ ಗಾಳಿ ತಾಗುವುದೇ ಇಲ್ಲ.


೧೦ ಫೆಬ್ರವರಿ

ಪ್ರಯಾಣ ನಿಲ್ಲಿಸಿ ಎಂದು ಟೋರ್ಗೈರನನ್ನು ಬೇಡಿಕೊಂಡೆ. "ಟಿಕೆಟ್ ವಾಪಸ್ ಆಗಲ್ಲ ಕ್ರಿಸಾಂತ, ಬೇರೆ ಗೈಡ್ ಸಿಕ್ತಾನೆ ಬಿಡು" ಎಂದ. ಇವತ್ತು ಹೊರಟರು. ಸೋಲ್ವೇಗ್ ಹೋಗುತ್ತಿದ್ದಾಳೆ, ಅದೊಂದೇ ಸಮಾಧಾನ. ಅವಳ ಮಾತು ಕೇಳು. ಎದುರಾಡಬೇಡ. ನನ್ನ ತಮ್ಮನಾಗಿದ್ದರೆ ಒಂದು ಸಲ, ಒಂದೇ ಸಲ, ಹೇಳಿದ್ದು ಕೇಳು.


ಸೆಬು ನಗರ, ಆಸ್ಪತ್ರೆ
೬ ಮಾರ್ಚ್ ೧೯೯೮

ಅಕ್ಕಾ,

ಫೋನಿನಲ್ಲಿ ನೀನು ಅತ್ತದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅದರಿಂದ ನಾನೂ ಹೇಳಬೇಕಾದ್ದನ್ನು ಹೇಳಲಿಲ್ಲ. ಆಗಿಂದ ನೀನು ಕಳಿಸಿದ ಮೂರು ಪತ್ರದಲ್ಲಿ ಒಂದಂಕಿಯೂ ಇಲ್ಲ, ಬರೀ ನಿನ್ನನ್ನು ನೀನು ಬೈದುಕೊಂಡದ್ದು. ತಂತಿ ತಡವಾಯಿತು, ಗಾಳಿ ಕೊಂದಿತು, ನನ್ನ ಸೂಟು ಕೊಂದಿತು ಎಂದು. ಇನ್ನು ಹಾಗೆ ಬರೆಯಬೇಡ.

ತಂತಿ ತಡವಾಗಲಿಲ್ಲ. ಹತ್ತನೆಯ ತಾರೀಖು ಮಧ್ಯಾಹ್ನ ಗಾಳಿ ಇಳಿಯಿತು, ಪುರಿಂಗ್ ಸಂಜೆಯ ದೋಣಿಗೆ ಕಳಿಸಿದಳು. "ನೀರಿಗಿಳಿಯಬೇಡ. ಚಳಿಯಲ್ಲ." ಓದಿದೆ. ಮಡಿಸಿ ಜೇಬಿಗಿಟ್ಟೆ. ಬಾಸಿಂಗ್‌ಗೆ ತೋರಿಸಲಿಲ್ಲ.

ಹತ್ತು ದಿನದ ಮಾತು, ಮುಗಿದ ಮೇಲೆ ಬಿಟ್ಟರಾಯಿತು ಎಂದುಕೊಂಡೆ. ಬಿಟ್ಟರೆ ಪಕ್ಕದ ದೋಣಿಯವನು ಅವರನ್ನು ಕರೆದೊಯ್ಯುತ್ತಾನೆ, ಮುಂದಿನ ವರ್ಷವೂ ಅವನದೇ, ನನಗೆ ಮತ್ತೆ ಕೊಳವೆಯೇ ಗತಿ. ಅದೂ ಅಲ್ಲದೆ ಅಕ್ಕಾ, ನೀನು ಹೊಲಿದ ಸೂಟಿನ ಮೇಲೆ ನನಗಿದ್ದ ನಂಬಿಕೆ ನಿನ್ನ ತಂತಿಯ ಮೇಲೆ ಇರಲಿಲ್ಲ.

ಸೋಲ್ವೇಗ್ ದೋಣಿಯಿಂದ ಇಳಿಯುತ್ತಲೇ ಕೇಳಿದಳು, "ತೆರ್ಯೊ ಎಲ್ಲಿ?"

"ಸೆಬುಗೆ ಆಸ್ಪತ್ರೆಗೆ ಹೋದ ಡಾಕ್ಟ್ರೇ. ನಾನು ಅವನ ಚಿಕ್ಕಪ್ಪನ ಮಗ, ನಾರ್ಸಿಂಗ್."

"ನೀನ್ಯಾಕೆ ಕಾಲು ಎಳೀತೀಯ?"

"ಮುಳ್ಳು ಚುಚ್ಚಿದೆ."

ಊರಿಗೆ ಊರೇ ನನ್ನನ್ನು ನಾರ್ಸಿಂಗ್ ಎಂದು ಕರೆಯಿತು. ಬಾಸಿಂಗ್ ಕೂಡ. ಅವಳಿಗೆ ನಾನು ಹೇಳಿದ್ದು, ನಾರ್ವೆಯವರಿಗೆ ಕುಂಟ ಗೈಡು ಬೇಡವಂತೆ, ಅದಕ್ಕೆ ಈ ನಾಟಕ ಎಂದು. ಏಳರ ದಪ್ಪ ಕಾಣದಿರಲೆಂದು ಸೂಟಿನ ಮೇಲೆ ಹಳೆಯ ಅಂಗಿ ಹಾಕಿಕೊಂಡೆ. ಎರಡು ದಿನ ನಡೆಯಿತು. ಮೂರನೆಯ ದಿನ ಎರಡನೆಯ ಸಲ ಮೇಲೆ ಬಂದಾಗ ಏಣಿಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ. ಸೊಂಟದಿಂದ ಕೆಳಗೆ ನಾನು ಇರಲೇ ಇಲ್ಲ.

ಎತ್ತಿ ಮಲಗಿಸಿದರು. ಸೂಟು ಕತ್ತರಿಸುವಾಗ ಒಳಕಾಲರಿನಲ್ಲಿ ನೀನು ಹೊಲಿದ ನನ್ನ ಹೆಸರು ಸೋಲ್ವೇಗಳ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಕಣ್ಣು ಮುಚ್ಚಿ ತೆರೆದಳು, ಅಷ್ಟೆ. ದೋಣಿಯಲ್ಲಿದ್ದ ಈಮೊ, ಹುಡುಗರು ಎಲ್ಲ ಒಂದೇ ಸಮ ಕೂಗಾಡುತ್ತಿದ್ದರು.

"ವಾಪಸ್ ಕೆಳಗೆ ಬಿಡ್ರೋ, ಕೆಳಗೆ ಹೋದ್ರೆ ಸರಿ ಹೋಗ್ತಾನೆ!"

"ಮುಟ್ಟಿದ್ರೆ ನೋಡು," ಎಂದು ಅವಳು ನನ್ನ ಮೇಲೆ ಅಡ್ಡ ಕೂತಳು.

"ನಿನಗೇನಮ್ಮ ಗೊತ್ತು? ನಾವು ಹೀಗೇ ಮಾಡೋದು!"

"ಹೀಗೇ ಮಾಡಿ ನಿನ್ನ ಕಾಲು ಏನಾಯ್ತು?"

ಈಮೊ ತಾನೇ ಚುಕ್ಕಾಣಿ ಹಿಡಿದು ಆಚೆ ದಡಕ್ಕೆ ದೋಣಿ ಓಡಿಸಿದ. ಅಲ್ಲಿ ಆಮ್ಲಜನಕ, ಅಲ್ಲಿಂದ ಲಾರಿ, ಇಲ್ಲಿಗೆ ಬರುವಾಗ ಒಂಬತ್ತು ತಾಸು ಕಳೆದಿತ್ತು. ಒತ್ತಡದ ಉಕ್ಕಿನ ಕೋಣೆಯೊಳಗೆ ಹನ್ನೊಂದು ಸಲ ಹಾಕಿ ತೆಗೆದಿದ್ದಾರೆ.

ನೀನು ಲೆಕ್ಕ ಬಿಟ್ಟಿದ್ದೀಯ, ನಾನೇ ಬರೆಯುತ್ತೇನೆ. ನಿನ್ನ ಎಂಟು ಜನಕ್ಕೆ ನಮ್ಮ ದೋಣಿಯಲ್ಲಿ ಎರಡೂವರೆ ದಿನದ ಸಮುದ್ರ, ನಾಲ್ಕು ಶಾರ್ಕ್. ಉಳಿದ ಏಳು ದಿನ ಪಕ್ಕದ ದೋಣಿಯವನಿಗೆ ಹೋಯಿತು, ಮುಂದಿನ ವರ್ಷಕ್ಕೂ ಅವನಿಗೇ ಮಾತು ಕೊಟ್ಟಿದ್ದಾರಂತೆ. ಒಂಬತ್ತನೆಯವಳು ಸೋಲ್ವೇಗ್ ಮತ್ತೆ ನೀರಿಗೆ ಇಳಿಯಲಿಲ್ಲ. ನನ್ನನ್ನು ಇಲ್ಲಿ ಬಿಟ್ಟು ದ್ವೀಪಕ್ಕೆ ಹಿಂತಿರುಗಿ ಮನೆ ಮನೆ ಸುತ್ತಿದಳು. ಅವಳಿಗೆ ದಕ್ಕಿದ್ದು ಕಾಲು ಎಳೆಯುವ ಹದಿನಾಲ್ಕು ಗಂಡಸರ ಪಟ್ಟಿ. ಅದರಲ್ಲಿ ಆರು ಜನ ಕಂಪ್ರೆಸರ್ ಬಿಟ್ಟಿದ್ದಾರೆ, ಎಂಟು ಜನ ಬಿಟ್ಟಿಲ್ಲ. ಈಮೊಗೆ ತನ್ನ ಕಾಯಿಲೆಯ ನಿಜವಾದ ಹೆಸರು ಸಿಕ್ಕಿತು. ನಿನಗೆ ಸೂಟುಗಳಲ್ಲಿ ಉಳಿದದ್ದು ಐದು ಸಾವಿರದ ಚಿಲ್ಲರೆ, ಅದಷ್ಟೂ ಇಲ್ಲಿ ಕಟ್ಟಿದ್ದೀಯ, ಮೇಲೆ ನಿನ್ನದೇ ಉಳಿತಾಯ. ಬಾಸಿಂಗ್‌ಗೆ ಗಂಡ ಇದ್ದಾನೆ, ಮಂಚದಿಂದ ಕುರ್ಚಿಗೆ ಹೊರಬೇಕು. ನನಗೆ ಬಲಗಾಲು ಬಂದಿದೆ. ಎಡಗಾಲಿನಲ್ಲಿ ಹೆಬ್ಬೆರಳು ಮಾತ್ರ.

ತೆರ್ಯೊ